ಸೂಜಿಯ ಮುಂದೆ ಕುಳಿತ ವಿದ್ಯಾವಂತ

ಮಠದ ಪ್ರಸಾದನಿಲಯದಲ್ಲಿ ಉಂಡು, ಓದಿ, ಇಂದು ಅಧ್ಯಾಪಕರಾಗಿ, ಅಧಿಕಾರಿಗಳಾಗಿ, ವ್ಯಾಪಾರಸ್ಥರಾಗಿ ನಾಡಿನ ನಾನಾ ಕಡೆ ನೆಲೆಸಿರುವ ವಾಚಕ ಬಂಧುಗಳೇ, ನಿಮ್ಮಲ್ಲಿ ಒಂದು ಪ್ರಶ್ನೆ. ಏನೂ ಅರಿಯದವರಾಗಿ ನೀವು ಇನ್ನೊಬ್ಬರ ಮುಂದೆ ಕುಳಿತದ್ದು ಕೊನೆಯ ಸಲ ಯಾವಾಗ? ಉತ್ತರಕ್ಕಾಗಿ ನಮ್ಮಲ್ಲಿ ಬಹುಮಂದಿ ಪಾಟಿ ಹಿಡಿದ ದಿನಗಳವರೆಗೆ ಹಿಂದಕ್ಕೆ ಹೋಗಬೇಕಾದೀತು. ಬಲ್ಲವನೆಂದು ಹತ್ತು ಜನರಿಂದ ಕರೆಸಿಕೊಂಡವನು ಮತ್ತೆ ಅರಿಯದವನಾಗಿ ಕುಳಿತುಕೊಳ್ಳಬಲ್ಲನೆ, ಅದೂ ಲೋಕವು ವಿದ್ಯಾವಂತರೆಂದು ಎಣಿಸದವರ ಮುಂದೆ? ಈ ಪ್ರಶ್ನೆ ನನ್ನಲ್ಲಿ ಮೂಡಿದ್ದು ಯಾವ ಗ್ರಂಥದಿಂದಲೂ ಅಲ್ಲ, ಒಂದು ಕೌದಿಯಿಂದ.

ಕೌದಿಯನ್ನು ನಿಮಗೆ ಪರಿಚಯಿಸಬೇಕಾಗಿಲ್ಲ. ಅಜ್ಜಿಯ ಹಳೆಯ ಸೀರೆ, ಅಪ್ಪನ ಧೋತರ, ಹರಿದ ಕುಪ್ಪಸಗಳನ್ನು ಒಂದರ ಮೇಲೊಂದು ಹಾಸಿ ಹೊಲಿದ ಆ ಹೊದಿಕೆಯೊಳಗೆ ಮಲಗಿಯೇ ನಾವು ಬೆಳೆದೆವು. ಆದರೆ ಹಳಿಯಾಳ, ಮುಂಡಗೋಡ, ಜೋಯಿಡಾ ತಾಲೂಕುಗಳ ಕಾಡಂಚಿನ ಊರುಗಳಲ್ಲಿ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕೌದಿಯನ್ನು ನಿಂತು ನೋಡಿದವರು ವಿರಳ. ಪೋರ್ಚುಗೀಜರು ಆಫ್ರಿಕಾದಿಂದ ಗೋವೆಗೆ ಗುಲಾಮರನ್ನಾಗಿ ತಂದವರಲ್ಲಿ ಅನೇಕರು ತಪ್ಪಿಸಿಕೊಂಡು ಘಟ್ಟದ ಈ ಕಾಡುಗಳಲ್ಲಿ ನೆಲೆ ಕಂಡರು. ಈ ಸಿದ್ದಿಗಳ ಹಿರಿಯರಲ್ಲಿ ಅವರೂ ಸೇರಿದ್ದಾರೆ. ತಲೆಮಾರುಗಳ ಕಾಲ ಪರರ ಹೊಲಗದ್ದೆಗಳಲ್ಲಿ ದುಡಿದ ಉತ್ತರ ಕನ್ನಡದ ಈ ಜನಕ್ಕೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆತದ್ದು 2003ರಲ್ಲಿ. ಅವರ ಕೌದಿಗಳನ್ನು ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೆವಾಲ್ ಅಭ್ಯಸಿಸಿದ ಮೇಲೆ ಅವು ಕಡಲಾಚೆಯ ಪ್ರದರ್ಶನಗಳನ್ನೂ ಕಂಡವು. ದಾಂಡೇಲಿಯ ಬಸ್ಸಿನಲ್ಲಿ ಅವರ ಪಕ್ಕದಲ್ಲೇ ಕುಳಿತು ಪ್ರಯಾಣಿಸಿದ ನಾವು ಮಾತ್ರ ಅವರನ್ನು ಏನೆಂದೂ ಕೇಳಲಿಲ್ಲ.

ಈಗ ನೀವು ಅಂಥ ಒಬ್ಬ ಹಿರಿಯ ತಾಯಿಯ ಜಗುಲಿಯ ಮೇಲೆ ಕಲಿಯಲು ಕುಳಿತಿರುವಿರಿ ಎಂದುಕೊಳ್ಳಿ. ಹೊರಗೆ ಆಷಾಢದ ಮಳೆ. ಮೊದಲ ಸೋಲು ಸೂಜಿಗೆ ದಾರ ಪೋಣಿಸುವಲ್ಲಿಯೇ ಆಗುತ್ತದೆ. ಕನ್ನಡಕ ಸರಿಪಡಿಸಿಕೊಳ್ಳುವಿರಿ, ಬೆಳಕು ಸಾಲದೆನ್ನುವಿರಿ. ಆ ತಾಯಿ ಏನೂ ಅನ್ನದೆ ಸೂಜಿಯನ್ನು ತೆಗೆದುಕೊಂಡು ದಾರ ಪೋಣಿಸಿ ಮರಳಿ ಕೊಡುತ್ತಾಳೆ. ಅಡಿಯಲ್ಲಿ ಒಂದು ಹಳೆಯ ಸೀರೆ. ಅದರ ಮೇಲೆ ಅಂಚಿನಲ್ಲಿ ಒಂದು ತುಂಡು ಬಟ್ಟೆ ಇಟ್ಟು, ಅದರ ತುದಿಯನ್ನು ಒಳಕ್ಕೆ ಮಡಚಿ, ಮೇಲಕ್ಕೂ ಕೆಳಕ್ಕೂ ನೇರವಾಗಿ ಓಡುವ ಹೊಲಿಗೆ ಹಾಕಬೇಕು. ಹೊಲಿಗೆ ಅಂಚಿನಿಂದ ತೊಡಗಿ ಸುತ್ತು ಸುತ್ತಾಗಿ ನಡುವಿಗೆ ಸಾಗುತ್ತದೆ. ಚೌಕಟ್ಟಿಲ್ಲ, ಗೆರೆ ಎಳೆದ ನಕ್ಷೆಯಿಲ್ಲ. ಮುಂದಿನ ತುಂಡು ಕೆಂಪೋ ಹಳದಿಯೋ ಎಂಬುದನ್ನು ನಿರ್ಧರಿಸುವುದು ಆ ಗಳಿಗೆಯ ಕಣ್ಣು. ನಾಲ್ಕು ಮೂಲೆಗಳಿಗೆ ಮಡಚಿದ ತ್ರಿಕೋನದ ಬಟ್ಟೆಗಳ ‘ಫೂಲ’ ಕೂಡಿದಾಗಲೇ ಕೆಲಸ ಮುಗಿದಂತೆ; ಅದಿಲ್ಲದ ಕೌದಿ ಅವರ ಕಣ್ಣಿಗೆ ಬತ್ತಲೆ.

ಇಷ್ಟನ್ನು ನಾನು ಬರೆದೆ, ನೀವು ಓದಿದಿರಿ. ಇಬ್ಬರಿಗೂ ಕೌದಿ ಹೊಲಿಯಲು ಬಂದಿತೆ? ಇಲ್ಲಿಯೇ ವಿಷಯದ ತಿರುಳಿದೆ. ಹೊಲಿಗೆಯನ್ನು ಎಷ್ಟು ಬಿಗಿಯಬೇಕೆಂದು ನೀವು ಕೇಳಿದರೆ ಆ ತಾಯಿಯ ಬಳಿ ಮಾತಿನ ಉತ್ತರವಿಲ್ಲ. ಹೆಚ್ಚು ಎಳೆದರೆ ಬಟ್ಟೆ ಸುಕ್ಕುಗಟ್ಟುತ್ತದೆ, ಸಡಿಲ ಬಿಟ್ಟರೆ ಮಲಗಿದವನ ಕಾಲ್ಬೆರಳು ದಾರಕ್ಕೆ ಸಿಕ್ಕುತ್ತದೆ. ನಡುವಿನ ಹದ ಅವಳ ಹೆಬ್ಬೆರಳಿನಲ್ಲಿದೆ. ಮಾತಿನಲ್ಲಿ ಹೇಳಲಾಗದ್ದನ್ನು ವಿದ್ಯೆಯೆಂದು ಒಪ್ಪಿಕೊಳ್ಳುವುದು ಮಾತಿನಿಂದಲೇ ಬದುಕಿದ ನಮಗೆ ಕಠಿಣ. ಉಣ್ಣೆಯ ಹೆಣಿಗೆಯಲ್ಲಿ ಒಂದು ಕುಣಿಕೆ ಕಡ್ಡಿಯಿಂದ ಜಾರಿದರೆ ಕೆಳಗಿನ ಸಾಲುಗಳೂ ಬಿಚ್ಚಿಕೊಳ್ಳುತ್ತವೆ. ಕೌದಿ ಅಷ್ಟು ನಿಷ್ಠುರವಲ್ಲ. ವಕ್ರವಾದ ಹೊಲಿಗೆಯೂ ಬಟ್ಟೆಯನ್ನು ಹಿಡಿದೇ ಇರುತ್ತದೆ. ಆದರೆ ಅದು ವಕ್ರವಾಗಿದೆ ಎಂಬುದು ಎಲ್ಲರಿಗೂ ಕಾಣುತ್ತದೆ. ಭಾಷಣದಲ್ಲಿ ಅರೆಬರೆ ತಿಳಿದದ್ದನ್ನು ಗಟ್ಟಿದನಿಯಲ್ಲಿ ಮುಚ್ಚಬಹುದು. ಸೂಜಿಯ ಮುಂದೆ ಆ ಉಪಾಯ ನಡೆಯದು.

ಕಾಯಕವನ್ನು ಕುರಿತು ನಮ್ಮಷ್ಟು ಮಾತನಾಡಿದವರು ಯಾರಿದ್ದಾರೆ? ಸೂಜಿಕಾಯಕದ ರಾಮಿತಂದೆಯ ಹೆಸರನ್ನು ಶರಣರ ಸಾಲಿನಲ್ಲಿ ಭಕ್ತಿಯಿಂದ ಹೇಳುತ್ತೇವೆ. ಆತನ ಸೂಜಿಯನ್ನು ಮಾತ್ರ ಮುಟ್ಟಿದವರಲ್ಲ. ನನ್ನನ್ನೂ ಸೇರಿಸಿಯೇ ಈ ಮಾತು. ಅಂಗಿಯ ಗುಂಡಿ ಕಿತ್ತರೆ ಮನೆಯವರನ್ನು ಕೂಗಿ ಕರೆದು, ಸಂಜೆ ಶ್ರಮಗೌರವದ ಮೇಲೆ ಉಪನ್ಯಾಸ ಮಾಡಿದ ದಿನಗಳು ನನ್ನ ಬಾಳಿನಲ್ಲಿವೆ. ಕೈಕೆಲಸದವರನ್ನು ಹೊಗಳುವಾಗಲೂ ನಾವು ಎತ್ತರದ ಪೀಠದಲ್ಲಿಯೇ ಇರುತ್ತೇವೆ. ಕಲಿಯಲು ಕುಳಿತಾಗ ಮಾತ್ರ ಪೀಠ ಅವರದಾಗುತ್ತದೆ.

ಇದಕ್ಕೆ ನೀವು ಒಂದು ಆಕ್ಷೇಪ ಎತ್ತಬಹುದು: ‘ಎಲ್ಲರೂ ಹೊಲಿಗೆ ಕಲಿಯಬೇಕೆ? ಕೌದಿಯೊಂದನ್ನು ಕೊಂಡರೆ ಆ ಬಡ ಹೆಣ್ಣುಮಗಳಿಗೆ ಹೆಚ್ಚು ಉಪಕಾರವಲ್ಲವೆ?’ ಮಾತು ಸರಿಯೇ. ಕೊಳ್ಳಿರಿ, ಚೌಕಾಸಿ ಮಾಡದೆ ಕೊಳ್ಳಿರಿ. ಮನೆಗೆಲಸ, ಹೊಲದ ಕೆಲಸಗಳ ಬಿಡುವಿನಲ್ಲಿ ಕೈಯಿಂದಲೇ ಹೊಲಿದು ಮುಗಿಸುವ ದೊಡ್ಡ ಕೌದಿಗೆ ಅದೆಷ್ಟು ದಿನಗಳು ಸಂದಿವೆ ಎಂಬುದನ್ನು ಎಣಿಸಿ ಹಣ ಕೊಡಿರಿ. ಇನ್ನೂ ಒಂದು ಎಚ್ಚರಿಕೆ ಬೇಕು. ನಾಲ್ಕು ದಿನ ಕಲಿತು, ‘ಸಿದ್ದಿ ಕೌದಿ’ ಎಂಬ ಹೆಸರಿನಲ್ಲಿ ತಾನೇ ಮಾರಲು ಹೊರಟವನು ಗುರುವಿನ ಅನ್ನವನ್ನೇ ಕಸಿದಂತೆ. ನಾನು ಹೇಳುತ್ತಿರುವ ಕಲಿಕೆಯಿಂದ ಅವಳಿಗೆ ದೊಡ್ಡ ಲಾಭವೇನೂ ಇಲ್ಲ. ಒಂದು ಮಧ್ಯಾಹ್ನ ಹಾಳು, ಅಷ್ಟೇ. ಲಾಭವೇನಿದ್ದರೂ ನಿಮಗೆ. ಆದುದರಿಂದ ಆ ಮಧ್ಯಾಹ್ನದ ಕೂಲಿಯನ್ನೂ ಕೊಡಬೇಕಾದುದು ನ್ಯಾಯ.

ತೊಟ್ಟಿಲ ಕೂಸಿನ ಕೌದಿ ಚಿಕ್ಕದು. ಹೊಸಬರು ಅದರಿಂದಲೇ ತೊಡಗುವುದು ಒಳ್ಳೆಯದು. ಹಲವು ದಿನಗಳ ಮೇಲೆ ನೀವು ಅದನ್ನು ಹೇಗೋ ಮುಗಿಸಿ, ನಾಲ್ಕು ಮೂಲೆಗೆ ಫೂಲ ಕೂಡಿಸಿ, ಮಗುವಿನಂತೆ ಹಿಗ್ಗಿ ಆ ತಾಯಿಯ ಮುಂದೆ ಚಾಚುತ್ತೀರಿ. ಅವಳು ಬಣ್ಣಗಳ ಮೇಲೆ ಒಮ್ಮೆ ಕಣ್ಣಾಡಿಸಿ, ಕೌದಿಯನ್ನು ಮಗುಚಿ ಹಾಕಿ, ಹಿಂಬದಿಯ ಹೊಲಿಗೆಗಳ ಮೇಲೆ ನಿಧಾನವಾಗಿ ಅಂಗೈ ಆಡಿಸುತ್ತಾಳೆ. ಒಂದು ಕಡೆ ಕೈ ನಿಲ್ಲುತ್ತದೆ. ‘ಇಲ್ಲಿ ಬಿಚ್ಚ್ರಿ’ ಎಂದು ಸೂಜಿಯನ್ನು ಮರಳಿ ನಿಮ್ಮ ಕೈಗಿಡುತ್ತಾಳೆ.