ಹಿಡಿದು ಬಿಡುವ ಮೀನು

ಊರ ನಡುವೆ ಹರಿಯುವ ನದಿಯನ್ನು ಊರಿನವರೇ ಚರಂಡಿಯೆಂದು ಬಗೆದು ಮರೆತುಬಿಡುವುದು ನಮಗೆ ಹೊಸತೇನಲ್ಲ. ಅಮೆರಿಕದ ಲಾಸ್ ಏಂಜಲಿಸ್ ನದಿಗೂ ಇದೇ ಗತಿಯಾಯಿತು. 1938ರ ಮಾರ್ಚ್ ತಿಂಗಳ ಮಹಾಪ್ರವಾಹದ ತರುವಾಯ ಸೇನೆಯ ಇಂಜಿನಿಯರುಗಳು, ಸುಮಾರು 82 ಕಿಲೋಮೀಟರ್ ಉದ್ದದ ಆ ನದಿಯ ಬಹುಭಾಗಕ್ಕೆ ಕಾಂಕ್ರೀಟು ಹೊದಿಸಿದರು. ಅಂತರ್ಜಲವು ಮೇಲಕ್ಕೆ ಉಕ್ಕುತ್ತಿದ್ದ ಗ್ಲೆಂಡೇಲ್ ನ್ಯಾರೋಸ್ ಎಂಬಲ್ಲಿ ಮಾತ್ರ ತಳವನ್ನು ಹಾಗೆಯೇ ಬಿಡಬೇಕಾಯಿತು. ಇಂದು ಅಲ್ಲಿ ಬಂಡೆಗಳಿವೆ, ಮರಗಳಿವೆ, ಹೆದ್ದಾರಿಯ ಸದ್ದಿನ ಪಕ್ಕದಲ್ಲಿಯೇ ಬಕಪಕ್ಷಿಗಳಿವೆ. ಬೇಸಿಗೆಯಲ್ಲಿ ಹರಿಯುವ ನೀರಿನ ಹೆಚ್ಚಿನ ಪಾಲು ನಗರದವರು ಬಳಸಿ ಶುದ್ಧೀಕರಿಸಿ ಬಿಟ್ಟದ್ದು. ಆ ನೀರಿನಲ್ಲಿ ಗೆಂಡೆ ಮೀನುಗಳು ದಷ್ಟಪುಷ್ಟವಾಗಿ ಬೆಳೆದಿವೆ.

ನಮ್ಮ ಕೆರೆಗಳಲ್ಲಿ ಸಾಕುವ ಸಾಮಾನ್ಯ ಗೆಂಡೆಯೇ ಅದು. 1872ರಲ್ಲಿ ಜರ್ಮನಿಯಿಂದ ಹೊರಟವುಗಳಲ್ಲಿ ಐದು ಮಾತ್ರ ಜೀವಸಹಿತ ಕ್ಯಾಲಿಫೋರ್ನಿಯಾ ತಲುಪಿದ್ದವು. ಅಂದು ಆದರದಿಂದ ತರಿಸಿಕೊಂಡ ಮೀನನ್ನು ಮುಂದೆ ಅದೇ ದೇಶದವರು ಕಸದ ಮೀನೆಂದು ಹಳಿದರು. ನಾವು ಸಾರಿಗೆ ಹಾಕುವುದನ್ನು ಅವರು ಹೀಗೆ ಕರೆಯುವುದನ್ನು ಕೇಳಿದರೆ ನಮ್ಮ ಅಡುಗೆಮನೆಗಳು ಒಪ್ಪಲಾರವು!

ಈ ಮೀನನ್ನು 'ಫ್ಲೈ ಫಿಶಿಂಗ್' ಎಂಬ ವಿಧಾನದಿಂದ ಹಿಡಿಯುವವರು ಕೆಲವರು ಅಲ್ಲಿದ್ದಾರೆ. ಗಾಳಕ್ಕೆ ಎರೆಹುಳುವನ್ನು ಚುಚ್ಚುವುದಿಲ್ಲ; ಗರಿ, ತುಪ್ಪಳ, ನೂಲುಗಳನ್ನು ಸುತ್ತಿ ನೀರಹುಳುವಿನ ರೂಪ ಕೊಡುತ್ತಾರೆ. ಅದಕ್ಕೆ ತೂಕವಿಲ್ಲದ್ದರಿಂದ, ದಪ್ಪನೆಯ ದಾರದ ಭಾರವೇ ಅದನ್ನು ದೂರ ಒಯ್ಯಬೇಕು. ಗೆಂಡೆ ಬಹಳ ಶಂಕೆಯ ಪ್ರಾಣಿ. ಹೆಜ್ಜೆಯ ಕಂಪನ ತಾಗಿದರೂ, ನೆರಳು ಬಿದ್ದರೂ ದೂರ ಸರಿಯುತ್ತದೆ. ಆದ್ದರಿಂದ ಹಿಡಿಯುವವನು ಮೊದಲು ನೋಡಲು ಕಲಿಯಬೇಕು: ಅದು ಎತ್ತ ಮುಖ ಮಾಡಿದೆ, ಕೆಸರನ್ನು ಕೆದಕುತ್ತಿದೆಯೋ, ಸುಮ್ಮನೆ ತೇಲುತ್ತಿದೆಯೋ. ಗಂಟೆಗಟ್ಟಲೆ ಕಾದು, ಹಿಡಿದು, ಒದ್ದೆ ಕೈಯಲ್ಲಿ ಒಂದು ಕ್ಷಣ ನೋಡಿ, ಅನೇಕರು ಅದನ್ನು ನೀರಿಗೇ ಬಿಡುತ್ತಾರೆ.

ಇಲ್ಲಿಯೇ ಪ್ರಶ್ನೆ ಏಳುತ್ತದೆ. ಹೊಟ್ಟೆಗಾಗಿ ಹಿಡಿಯುವ ಬೆಸ್ತರ ಕಾಯಕವನ್ನು ಯಾರೂ ಆಕ್ಷೇಪಿಸರು. ಗಲಿಲೇಯದ ಸರೋವರದಲ್ಲಿ ಬಲೆ ಬೀಸಿದವರೂ ಅಂಥವರೇ. ತಿನ್ನುವ ಉದ್ದೇಶವೇ ಇಲ್ಲದೆ ಜೀವಿಯೊಂದರ ತುಟಿಗೆ ಕೊಕ್ಕೆ ಸಿಕ್ಕಿಸಿ, ದಣಿಸಿ, ಬಳಿಕ ಬಿಡುವುದು ಕರುಣೆಯೇ? 'ಬಿಟ್ಟೆವಲ್ಲ, ಹಾನಿಯೇನು?' ಎಂಬ ಸಮಾಧಾನ ನನಗೆ ಸಾಲದು. ಮೀನಿಗೆ ನೋವಿಲ್ಲವೆಂಬ ಹಳೆಯ ನಂಬಿಕೆ ಈಗ ಗಟ್ಟಿಯಾಗಿ ಉಳಿದಿಲ್ಲ. ಟ್ರೌಟ್ ಮೀನಿನ ಮುಖದಲ್ಲಿ ಘಾಸಿಯನ್ನು ಗ್ರಹಿಸುವ ನರತಂತುಗಳಿರುವುದನ್ನು ಲಿನ್ ಸ್ನೆಡನ್ ಮತ್ತು ಸಂಗಡಿಗರು 2003ರಲ್ಲಿ ತೋರಿಸಿಕೊಟ್ಟರು. ಅದು ನಮ್ಮಂತೆಯೇ ನರಳುತ್ತದೆಯೇ ಎಂಬ ವಾದ ಮುಗಿದಿಲ್ಲ. ಆದರೆ ಸಂಶಯವಿರುವಾಗ ಅದರ ಲಾಭ ಸಲ್ಲಬೇಕಾದದ್ದು ಯಾರಿಗೆ? ಗಾಳ ಹಿಡಿದವನಿಗಂತೂ ಅಲ್ಲ.

ಹಾಗೆಂದು ಆ ಹವ್ಯಾಸಿಗಳನ್ನು ಕ್ರೂರಿಗಳೆಂದು ತಳ್ಳಿಹಾಕಲೂ ಮನಸ್ಸು ಬಾರದು. ಜನರು ಬೆನ್ನು ತಿರುಗಿಸಿದ್ದ ನದಿಯತ್ತ ಮುಖ ಮಾಡಿದವರಲ್ಲಿ ಅವರೂ ಇದ್ದಾರೆ. ಕಾಲುವೆಯೆಂದು ಬೇಲಿ ಹಾಕಿದ್ದ ಆ ನೀರನ್ನು 2010ರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು ದೋಣಿ ಸಾಗಬಲ್ಲ ನದಿಯೆಂದು ಮಾನ್ಯ ಮಾಡಿತು. ಮೊಣಕಾಲುದ್ದ ನೀರಿನಲ್ಲಿ ನಿಂತು ಮೀನನ್ನು ಅರಿಯುವವನು, ಸೇತುವೆಯ ಮೇಲೆ ಕಾರಿನಲ್ಲಿ ಸಾಗುವವನಿಗಿಂತ ಆ ನದಿಗೆ ಹತ್ತಿರದವನಲ್ಲವೇ? ಆದರೆ ನದಿಯ ಮೇಲಿನ ಈ ಪ್ರೀತಿಯ ಬೆಲೆಯನ್ನು ಗೆಂಡೆಯ ತುಟಿಯೇ ತೆರಬೇಕಾಗಿದೆ.

ಕೊಕ್ಕೆಯ ಮುಳ್ಳನ್ನು ಇಕ್ಕಳದಿಂದ ಒತ್ತಿ ಹಾಕುವವರಿದ್ದಾರೆ, ಗಾಯ ಕಡಿಮೆಯಾಗುತ್ತದೆ. ಸ್ವಿಟ್ಜರ್ಲೆಂಡ್ ಬೇರೆಯೇ ದಾರಿ ಹಿಡಿಯಿತು. ಬಿಟ್ಟುಬಿಡುವ ಉದ್ದೇಶದಿಂದಲೇ ಮೀನು ಹಿಡಿಯುವುದನ್ನು ಅಲ್ಲಿಯ ಕಾನೂನು ನಿಷೇಧಿಸಿದೆ. ತಿನ್ನುವುದಾದರೆ ಹಿಡಿ, ಇಲ್ಲವಾದರೆ ಗಾಳ ಹಾಕಬೇಡ ಎಂಬುದು ಅದರ ಧಾಟಿ. ಕೇಳಲು ಕಠೋರ, ಬಿಡುವವನಿಗಿಂತ ಕೊಲ್ಲುವವನೇ ಮೇಲೆಂದು ಹೇಳಿದಂತಿದೆ. ಆದರೂ ಮೀನಿನ ಕಡೆಯಿಂದ ಯೋಚಿಸಿದವರು ಬರೆದ ಕಾನೂನು ಅದೆಂದೇ ನನಗೆ ತೋರುತ್ತದೆ.