ಭಿಕ್ಷೆಯೋ, ಹಕ್ಕೋ?

ಬಾಲ್ಯದಲ್ಲಿ ಬೇಡುವುದಕ್ಕೆ ನಾಚಿಕೆಯಿಲ್ಲ. ಯೌವನದಲ್ಲಿ ಬೇಡುವ ಪ್ರಸಂಗವೇ ಕಡಿಮೆ. ಮುಪ್ಪಿನಲ್ಲಿ ಮಾತ್ರ ಬೇಡಬೇಕಾದ ಅಗತ್ಯವೂ ಬೇಡಲಾರದ ಸಂಕೋಚವೂ ಒಟ್ಟಿಗೆ ಬಂದು ಸೇರುತ್ತವೆ. ದುಡಿಯುವ ಶಕ್ತಿ ಉಡುಗಿರುತ್ತದೆ, ಔಷಧದ ವೆಚ್ಚ ಏರಿರುತ್ತದೆ. ಅದುವರೆಗೆ ಮರ್ಯಾದೆಯಿಂದ ಬಾಳಿದವನು ತನ್ನ ಬಡತನವನ್ನು ಇನ್ನೊಬ್ಬರ ಮುಂದೆ ಬಿಚ್ಚಿ ತೋರಿಸಬೇಕಾಗುತ್ತದೆ. ಹೀಗೆ ಕೇಳಿ ಪಡೆಯುವ ನೆರವು ಭಿಕ್ಷೆಯೆ, ಅಥವಾ ಸಮಾಜವು ಆತನಿಗೆ ಸಲ್ಲಿಸತಕ್ಕ ಋಣವೆ? ಋಣವೆಂದಾದರೆ, ಸಾಲಗಾರನು ತಾನಾಗಿ ಬಂದು ತೀರಿಸಬೇಕೋ, ಸಾಲ ಕೊಟ್ಟವನೇ ಬಾಗಿಲಿಂದ ಬಾಗಿಲಿಗೆ ಅಲೆಯಬೇಕೋ? ಈ ಪ್ರಶ್ನೆಯನ್ನು ವಾಚಕ ಮಹಾಶಯರ ಮುಂದಿಟ್ಟು ಕೊಂಚ ವಿಚಾರಮಾಡುವುದೇ ಈ ಲೇಖನದ ಉದ್ದೇಶ.

ಪ್ರಶ್ನೆಯು ಎಲ್ಲ ದೇಶಗಳಿಗೂ ಸಾಧಾರಣವಾದುದು. ಆದರೆ ದೃಷ್ಟಾಂತವಿಲ್ಲದ ವಿಚಾರವು ಗಾಳಿಯಲ್ಲಿ ತೂರಿದ ಹೊಟ್ಟಿನಂತೆ. ಆದುದರಿಂದ ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿ ವೃದ್ಧರ ಚಿಕಿತ್ಸೆಗಾಗಿ ಏರ್ಪಟ್ಟಿರುವ ಮೆಡಿಕೇರ್ ಎಂಬ ವಿಮೆಯನ್ನು ದೃಷ್ಟಾಂತವಾಗಿ ಆರಿಸಿಕೊಂಡಿದ್ದೇನೆ. ಇದಕ್ಕೆ ಕಾರಣಗಳು ಎರಡು. ಆ ದೇಶದ ಕಾನೂನು ಬಡತನದ ಗಡಿಯನ್ನು ಅಂಕಿಗಳಲ್ಲಿ ಬರೆದಿಟ್ಟಿರುವುದರಿಂದ ಧರ್ಮಸೂಕ್ಷ್ಮವು ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಎರಡನೆಯದಾಗಿ, ನಮ್ಮ ಅನೇಕ ಮನೆತನಗಳ ಮಕ್ಕಳು ಅಲ್ಲಿ ನೆಲಸಿದ್ದಾರೆ. ಅವರಲ್ಲಿ ಮೊದಮೊದಲು ಹೋದವರು ಈಗ ತಾವೇ ವೃದ್ಧರಾಗಿದ್ದಾರೆ.

೧೯೪೫ರ ನವೆಂಬರಿನಲ್ಲಿ ಅಧ್ಯಕ್ಷ ಟ್ರೂಮನ್ನರು ಎಲ್ಲ ಪ್ರಜೆಗಳಿಗೂ ಆರೋಗ್ಯವಿಮೆ ಬೇಕೆಂದು ಅಲ್ಲಿನ ಶಾಸನಸಭೆಯನ್ನು ಕೇಳಿದರು. ಅದು ಆಗ ಕೈಗೂಡಲಿಲ್ಲ. ಇಪ್ಪತ್ತು ವರ್ಷಗಳ ತರುವಾಯ, ೧೯೬೫ರ ಜುಲೈ ೩೦ರಂದು, ಅಧ್ಯಕ್ಷ ಜಾನ್ಸನ್ನರು ಟ್ರೂಮನ್ನರ ಊರಾದ ಇಂಡಿಪೆಂಡೆನ್ಸಿಗೇ ಹೋಗಿ, ಅವರ ಎದುರಿನಲ್ಲಿ ಮೆಡಿಕೇರ್ ಶಾಸನಕ್ಕೆ ಸಹಿ ಹಾಕಿದರು. ವಿಮೆಯ ಮೊದಲನೆಯ ಚೀಟಿಯನ್ನು ಪಡೆದವರು ಟ್ರೂಮನ್ನರೇ. ದೇಶವನ್ನಾಳಿದ ಪುರುಷನು ಆ ಚೀಟಿಯನ್ನು ಕೈಚಾಚಿ ತೆಗೆದುಕೊಂಡಾಗ ಅದನ್ನು ಭಿಕ್ಷೆಯೆಂದು ಯಾರೂ ಹೇಳಲಿಲ್ಲ. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು.

ಈ ವಿಮೆಯಲ್ಲಿ ಎ ಭಾಗವು ಆಸ್ಪತ್ರೆಯ ವಾಸಕ್ಕೆ, ಬಿ ಭಾಗವು ವೈದ್ಯರ ಸೇವೆಗೆ, ೨೦೦೬ರಿಂದ ನಡೆಯುತ್ತಿರುವ ಡಿ ಭಾಗವು ಔಷಧಗಳಿಗೆ ಸಂಬಂಧಿಸಿದುದು. ಆದರೆ ವಿಮೆಯುಂಟೆಂದ ಮಾತ್ರಕ್ಕೆ ವೆಚ್ಚವಿಲ್ಲವೆಂದು ತಿಳಿಯತಕ್ಕದ್ದಲ್ಲ. ೨೦೨೫ನೆಯ ಇಸವಿಯಲ್ಲಿ ಬಿ ಭಾಗಕ್ಕೆ ತಿಂಗಳಿಗೆ ೧೮೫ ಡಾಲರು ಪ್ರೀಮಿಯಂ ಕಟ್ಟಬೇಕಾಗಿತ್ತು. ವರ್ಷದ ಮೊದಲ ೨೫೭ ಡಾಲರು ವೈದ್ಯವೆಚ್ಚವನ್ನು ರೋಗಿಯೇ ಕೊಟ್ಟು, ಆಮೇಲಿನ ವೆಚ್ಚದಲ್ಲಿ ಸಾಮಾನ್ಯವಾಗಿ ಐದರಲ್ಲಿ ಒಂದು ಪಾಲನ್ನು ಹೊರಬೇಕಾಗಿತ್ತು. ಆಸ್ಪತ್ರೆಗೆ ಸೇರಿದರೆ ಮೊದಲು ೧,೬೭೬ ಡಾಲರು ತನ್ನ ಕೈಯಿಂದ. ತಿಂಗಳಿಗೆ ೧,೩೦೦ ಡಾಲರು ವರಮಾನದ ಒಬ್ಬ ವಿಧವೆಯನ್ನು ಊಹಿಸಿಕೊಳ್ಳಿರಿ. ಪ್ರೀಮಿಯಂ ಒಂದಕ್ಕೇ ಆಕೆಯ ವರಮಾನದ ಏಳರಲ್ಲಿ ಒಂದು ಪಾಲು ಹೋಗುತ್ತದೆ. ಒಮ್ಮೆ ಆಸ್ಪತ್ರೆಯ ಮೆಟ್ಟಿಲು ಹತ್ತಿದರೆ ತಿಂಗಳ ವರಮಾನಕ್ಕಿಂತ ಹೆಚ್ಚಾದ ಹಣ ಬೇಕು. ಮನೆಯ ಬಾಡಿಗೆ ಮತ್ತು ಊಟ ಇವೆರಡರಲ್ಲಿ ಯಾವುದನ್ನು ಬಿಡುವುದು?

ಈ ಕಷ್ಟವನ್ನು ಆ ದೇಶದ ಶಾಸನಕಾರರು ಕಾಣದೆ ಇಲ್ಲ. ಮೆಡಿಕೇರ್ ಸೇವಿಂಗ್ಸ್ ಪ್ರೋಗ್ರಾಂ ಎಂಬ ಹೆಸರಿನಲ್ಲಿ ಅವರು ಕೆಲವು ಮೆಟ್ಟಿಲುಗಳನ್ನು ಕಟ್ಟಿದ್ದಾರೆ. ೧೯೮೮ರ ಶಾಸನದಿಂದ ಬಂದ ಮೊದಲನೆಯ ಮೆಟ್ಟಿಲಿನಲ್ಲಿ ಪ್ರೀಮಿಯಂ ಹಣವನ್ನೂ ಆಸ್ಪತ್ರೆ ಮತ್ತು ವೈದ್ಯರ ಬಾಬ್ತು ರೋಗಿಯು ಹೊರಬೇಕಾದ ಪಾಲನ್ನೂ ಸರ್ಕಾರವೇ ವಹಿಸಿಕೊಳ್ಳುತ್ತದೆ. ಅಂಥವರಿಂದ ಆ ಪಾಲನ್ನು ವೈದ್ಯನಾಗಲಿ ಆಸ್ಪತ್ರೆಯಾಗಲಿ ವಸೂಲು ಮಾಡಕೂಡದೆಂಬ ನಿಷೇಧವೂ ಉಂಟು. ೧೯೯೦ ಮತ್ತು ೧೯೯೭ರ ಶಾಸನಗಳಿಂದ ಬಂದ ಮುಂದಿನ ಎರಡು ಮೆಟ್ಟಿಲುಗಳಲ್ಲಿ ಬಿ ಭಾಗದ ಪ್ರೀಮಿಯಂ ಮಾತ್ರ ಸಲ್ಲುತ್ತದೆ. ೨೦೨೫ರಲ್ಲಿ ಒಂಟಿ ವ್ಯಕ್ತಿಗೆ ಈ ಮೂರರ ಮಾಸಿಕ ವರಮಾನದ ಮಿತಿ, ದೇಶದ ಹೆಚ್ಚಿನ ಭಾಗದಲ್ಲಿ, ಕ್ರಮವಾಗಿ ೧,೩೨೫, ೧,೫೮೫ ಮತ್ತು ೧,೭೮೧ ಡಾಲರು. ಸೊತ್ತಿನ ಮಿತಿ ೯,೬೬೦ ಡಾಲರು. ವಾಸದ ಮನೆ, ಒಂದು ಮೋಟಾರು ಗಾಡಿ, ಮನೆಯ ಸಾಮಾನು ಇವು ಸೊತ್ತಿನ ಲೆಕ್ಕಕ್ಕೆ ಸೇರುವುದಿಲ್ಲ. ತನ್ನ ಅಂತ್ಯಕ್ರಿಯೆಗೆಂದು ಬೇರೆಯಾಗಿ ತೆಗೆದಿಟ್ಟ ಹಣದಲ್ಲಿ ೧,೫೦೦ ಡಾಲರಿನವರೆಗೂ ವಿನಾಯಿತಿಯುಂಟು. ಇದಲ್ಲದೆ ಔಷಧದ ವೆಚ್ಚಕ್ಕೆ ಎಕ್ಸ್‌ಟ್ರಾ ಹೆಲ್ಪ್ ಎಂಬ ಬೇರೆ ಸಹಾಯವಿದೆ. ೨೦೨೫ರಲ್ಲಿ ಅದನ್ನು ಪಡೆದವರು ಒಂದು ಸಾಧಾರಣ ಔಷಧಕ್ಕೆ ಹೆಚ್ಚೆಂದರೆ ೪.೯೦ ಡಾಲರು, ಹೆಸರಾಂತ ಕಂಪನಿಯ ಔಷಧಕ್ಕೆ ಹೆಚ್ಚೆಂದರೆ ೧೨.೧೫ ಡಾಲರು ಕೊಟ್ಟರೆ ಸಾಕಾಗಿತ್ತು.

ಇಷ್ಟೆಲ್ಲ ಇದ್ದರೂ ಅರ್ಹರಾದವರಲ್ಲಿ ಬಹು ಮಂದಿ ಈ ಸಹಾಯವನ್ನು ಪಡೆಯುತ್ತಿಲ್ಲ. ಅಜ್ಞಾನವು ಒಂದು ಕಾರಣ. ಮನೆಯು ಸರ್ಕಾರದ ಪಾಲಾದೀತೆಂಬ ಭಯವು ಎರಡನೆಯದು. ಈ ಭಯ ನಿರಾಧಾರವಾದುದು: ಬಡವರ ವೈದ್ಯಸಹಾಯವಾದ ಮೆಡಿಕೇಯ್ಡಿನ ಬೇರೆ ಕೆಲವು ವೆಚ್ಚಗಳನ್ನು, ಮುಖ್ಯವಾಗಿ ದೀರ್ಘಕಾಲದ ಶುಶ್ರೂಷೆಯ ವೆಚ್ಚವನ್ನು, ಮೃತರ ಆಸ್ತಿಯಿಂದ ಹಿಂದಕ್ಕೆ ಪಡೆಯುವುದುಂಟಾದರೂ, ಸೇವಿಂಗ್ಸ್ ಪ್ರೋಗ್ರಾಮಿನ ಮೂಲಕ ತೆತ್ತ ಹಣವನ್ನು ೨೦೧೦ರ ಜನವರಿ ಮೊದಲುಗೊಂಡು ಹಾಗೆ ವಸೂಲುಮಾಡುವಂತಿಲ್ಲ. ಮೂರನೆಯ ಕಾರಣವು ನಾಚಿಕೆ. ಅಜ್ಞಾನವನ್ನು ಒಂದು ಮಾತಿನಿಂದ ನೀಗಬಹುದು, ಭಯವನ್ನು ಒಂದು ಕಾನೂನಿನಿಂದ ನೀಗಬಹುದು. ನಾಚಿಕೆಯನ್ನು ನೀಗುವುದಕ್ಕೆ ವಿಚಾರವೇ ಬೇಕು.

ಇಲ್ಲಿ ಪೂರ್ವಪಕ್ಷವು ಮೂರು ಬಗೆಯಾಗಿ ಬರುತ್ತದೆ. ಮಕ್ಕಳಿರುವಾಗ ಸರ್ಕಾರದ ಬಾಗಿಲಿಗೆ ಹೋಗುವುದೇಕೆ ಎಂಬುದು ಒಂದು. ದುಡಿಯುವ ಕಾಲದಲ್ಲಿ ಕೂಡಿಡದವನು ಮುಪ್ಪಿನಲ್ಲಿ ಪರರ ಹಣವನ್ನು ಹೇಗೆ ಕೇಳುವನು ಎಂಬುದು ಇನ್ನೊಂದು. ಪರೀಕ್ಷಿಸದೆ ಕೊಟ್ಟರೆ ಸತ್ಪಾತ್ರರ ಪಾಲು ಅಪಾತ್ರರಿಗೆ ಹೋಗುವುದಿಲ್ಲವೆ ಎಂಬುದು ಮೂರನೆಯದು.

ಮೊದಲನೆಯದಕ್ಕೆ ಸಮಾಧಾನವಿದು. ತಂದೆತಾಯಿಗಳನ್ನು ಪೋಷಿಸುವುದು ಮಕ್ಕಳ ಧರ್ಮವೆಂಬುದರಲ್ಲಿ ಸಂಶಯವಿಲ್ಲ. ಆದರೆ ಮಕ್ಕಳ ಧರ್ಮದಿಂದ ಸಮಾಜದ ಧರ್ಮವು ಲೋಪವಾಗುವುದಿಲ್ಲ. ಮಕ್ಕಳಿಲ್ಲದವರಿದ್ದಾರೆ, ಇದ್ದೂ ತಾವೇ ಕಷ್ಟದಲ್ಲಿರುವ ಮಕ್ಕಳಿದ್ದಾರೆ. ಆಸ್ಪತ್ರೆಯ ವೆಚ್ಚವು ಒಂದು ಸಂಸಾರದ ಹೆಗಲಿಗೆ ಮೀರಿದ ಹೊರೆಯಾದುದರಿಂದಲೇ ಹತ್ತು ಜನರು ಸೇರಿ ಹೊರುವ ವಿಮೆಯೆಂಬ ಉಪಾಯ ಹುಟ್ಟಿತು. ಮಗನು ತಾಯಿಗೆ ಅನ್ನವಿಕ್ಕಲಿ. ಅದರೊಡನೆ ಆಕೆಗೆ ಸಲ್ಲತಕ್ಕುದನ್ನು ದೊರಕಿಸಿಕೊಡುವುದೂ ಪುತ್ರಧರ್ಮವೇ. ಕಣ್ಣು ಮಂಜಾದ ತಾಯಿಯ ಪರವಾಗಿ ಒಂದು ಅರ್ಜಿಯನ್ನು ಓದಿ, ತುಂಬಿ, ಕಾಗದಪತ್ರಗಳನ್ನು ಜೋಡಿಸಿಕೊಡುವ ಮಗನು ಆಕೆಯ ಮಾನವನ್ನು ಕುಗ್ಗಿಸುವುದಿಲ್ಲ, ಕಾಪಾಡುತ್ತಾನೆ.

ಎರಡನೆಯದಕ್ಕೆ ಸಮಾಧಾನ. ಅಲ್ಲಿ ದುಡಿಯುವವನ ಸಂಬಳದಲ್ಲಿ ನೂರಕ್ಕೆ ೧.೪೫ರಂತೆ ಮೆಡಿಕೇರಿನ ಆಸ್ಪತ್ರೆ ನಿಧಿಗಾಗಿ ಹಿಡಿಯುತ್ತಾರೆ; ಅಷ್ಟನ್ನೇ ಯಜಮಾನನೂ ಕೊಡಬೇಕು. ಅಂಗಡಿಯ ನೆಲ ಗುಡಿಸಿದವನೂ ಪರರ ಮಕ್ಕಳನ್ನು ಎತ್ತಿ ಆಡಿಸಿದವಳೂ ಈ ತೆರಿಗೆಯನ್ನು ಕೊಟ್ಟವರೇ. ಅವರು ಕೂಡಿಡಲಿಲ್ಲವೆಂದರೆ, ಕೂಡಿಡುವಷ್ಟು ಅವರಿಗೆ ಯಾರೂ ಕೊಡಲಿಲ್ಲವೆಂಬುದನ್ನೂ ಹೇಳಬೇಕು. ಕಡಿಮೆ ಕೂಲಿಯ ದುಡಿಮೆಯಿಂದ ಲಾಭಪಡೆದ ಸಮಾಜವು ಕೂಲಿಯವನ ಮುಪ್ಪಿನಲ್ಲಿ ಅವನ ಮಿತವ್ಯಯದ ಕೊರತೆಯನ್ನು ಎತ್ತಿ ಆಡುವುದು ನ್ಯಾಯವಲ್ಲ. ಟ್ರೂಮನ್ನರು ಪಡೆದ ಚೀಟಿಯು ಗೌರವವಾದರೆ, ಆ ಚೀಟಿಯು ನಿಜವಾಗಿಯೂ ಉಪಯೋಗಕ್ಕೆ ಬರುವಂತೆ ಈ ವೃದ್ಧೆಯು ಪಡೆಯುವ ನೆರವು ಅಗೌರವವಾಗುವುದು ಹೇಗೆ? ಬಾಗಿಲೊಂದನ್ನು ಎಲ್ಲರಿಗೂ ತೆರೆದೆವೆಂದು ಹೇಳಿ, ಹೊಸ್ತಿಲನ್ನು ಮಾತ್ರ ಕೆಲವರು ದಾಟಲಾರದಷ್ಟು ಎತ್ತರ ಮಾಡಿದರೆ, ಅಲ್ಲಿ ಒಂದು ಮೆಟ್ಟಿಲನ್ನಿಡುವುದು ಕಟ್ಟಿದವನ ಕರ್ತವ್ಯ.

ಮೂರನೆಯ ಆಕ್ಷೇಪಕ್ಕೆ ತೂಕವಿದೆ. ಸಾರ್ವಜನಿಕ ಹಣಕ್ಕೆ ಪಾತ್ರಪರೀಕ್ಷೆ ಬೇಕೇ ಬೇಕು. ಆದರೆ ಪರೀಕ್ಷೆಯ ರೀತಿಯನ್ನೂ ಪರೀಕ್ಷಿಸಬೇಕಾಗಿದೆ. ೨೦೨೫ರಲ್ಲಿ ತಿಂಗಳಿಗೆ ೧,೩೨೫ ಡಾಲರು ಬರುತ್ತಿದ್ದವಳಿಗೆ ಆಸ್ಪತ್ರೆಯ ವೆಚ್ಚದಿಂದಲೂ ರಕ್ಷಣೆಯಿತ್ತು. ೧,೩೩೦ ಬರುತ್ತಿದ್ದ ನೆರೆಯವಳಿಗೆ ಪ್ರೀಮಿಯಂ ಮಾತ್ರ. ಐದು ಡಾಲರಿನ ಅಂತರಕ್ಕೆ ಸಾವಿರಾರು ಡಾಲರಿನ ಭೇದ! ಹಾಗೆಯೇ, ಹೊಟ್ಟೆ ಬಟ್ಟೆ ಕಟ್ಟಿ ಹತ್ತು ಸಾವಿರ ಡಾಲರು ಕೂಡಿಟ್ಟವಳು ಸೊತ್ತಿನ ಮಿತಿಯನ್ನು ಮೀರಿ ಹೊರಗೆ ಉಳಿಯುತ್ತಾಳೆ. ಬಂದುದನ್ನು ಬಂದ ಹಾಗೆ ವೆಚ್ಚಮಾಡಿದವಳು ಒಳಗೆ ಬರುತ್ತಾಳೆ. ಕೂಡಿಡಲಿಲ್ಲವೇಕೆಂದು ಕೇಳುವ ನೀತಿಯೇ ಕೂಡಿಟ್ಟೆಯೇಕೆಂದು ದಂಡಿಸಿದರೆ ಬಡವನು ಯಾವುದನ್ನು ನಂಬಬೇಕು? ಗೆರೆಯೆಂಬುದು ಎಲ್ಲಿಯಾದರೂ ಬೀಳಲೇಬೇಕೆಂಬುದನ್ನು ಒಪ್ಪೋಣ. ಆದರೆ ಬಡತನದ ಅಂಚಿನಲ್ಲಿ ಕತ್ತಿಯ ಅಲಗಿನಂಥ ಗೆರೆ ಬೇಡ. ಇಳಿಜಾರಿನಂಥ ಗೆರೆ ಬೇಕು. ನ್ಯೂಯಾರ್ಕ್, ಕನೆಕ್ಟಿಕಟ್ ಮೊದಲಾದ ಕೆಲವು ರಾಜ್ಯಗಳು ಈ ಸಹಾಯಕ್ಕೆ ಸೊತ್ತಿನ ಪರೀಕ್ಷೆಯನ್ನು ಕೈಬಿಟ್ಟಿರುವುದು ಉಚಿತವೆಂದೇ ನನ್ನ ಅಭಿಪ್ರಾಯ.

ಇನ್ನು ಕೊಡುವ ಕ್ರಮವನ್ನು ವಿಚಾರಿಸೋಣ. ದಾನದಲ್ಲಿ ತಾರತಮ್ಯವುಂಟೆಂಬುದು ನಮ್ಮ ಸ್ಮೃತಿಕಾರರ ಮತ. ಕೊಟ್ಟ ವಸ್ತು ಒಂದೇ ಆಗಿದ್ದರೂ, ಕೊಡುವವನು ಎಷ್ಟು ದೂರ ನಡೆದನು, ಪಡೆಯುವವನನ್ನು ಎಷ್ಟು ದೂರ ನಡೆಸಿದನು ಎಂಬುದರ ಮೇಲೆ ದಾನದ ದರ್ಜೆ ನಿಲ್ಲುತ್ತದೆ. ಈ ತಾರತಮ್ಯವು ಅರಸರ ಕಾಲದ ಮಾತಾದರೂ ಇಂದಿನ ಕಚೇರಿಗಳಿಗೆ ಚೆನ್ನಾಗಿ ಹೊಂದುತ್ತದೆ. ಸೇವಿಂಗ್ಸ್ ಪ್ರೋಗ್ರಾಮಿಗೆ ಸೇರಿದವರಿಗೆ ಔಷಧದ ಸಹಾಯವು ಬೇರೆ ಅರ್ಜಿಯಿಲ್ಲದೆ ತಾನಾಗಿ ಸಲ್ಲುತ್ತದೆ. ಇದು ಉತ್ತಮ ಪಕ್ಷ. ಎಕ್ಸ್‌ಟ್ರಾ ಹೆಲ್ಪಿಗಾಗಿ ಸೋಷಿಯಲ್ ಸೆಕ್ಯೂರಿಟಿ ಕಚೇರಿಗೆ ಕೊಟ್ಟ ಅರ್ಜಿಯ ವಿವರವು, ಅರ್ಜಿದಾರನು ಬೇಡವೆನ್ನದಿದ್ದರೆ, ರಾಜ್ಯದ ಕಚೇರಿಗೂ ಹೋಗಿ ಅಲ್ಲಿ ಸೇವಿಂಗ್ಸ್ ಪ್ರೋಗ್ರಾಮಿನ ಅರ್ಜಿಯಾಗುತ್ತದೆ. ಇದು ಮಧ್ಯಮ. ವರಮಾನದ ಲೆಕ್ಕವೆಲ್ಲ ಸರ್ಕಾರದ ಕಡತದಲ್ಲಿಯೇ ಇರುವಾಗ, ಅದೇ ಲೆಕ್ಕವನ್ನು ಮುದುಕಿಯೊಬ್ಬಳು ಮತ್ತೆ ಬರೆದು ತಂದು ರುಜುವಾತುಪಡಿಸಲೆಂದು ಕಾಯುವುದು ಅಧಮ. ತಿಳಿದವನು ತಿಳಿಯದವನಂತೆ ಕೇಳುವುದು ಪರೀಕ್ಷೆಯಲ್ಲ, ಅವಮಾನ.

೨೦೨೩ರ ಸೆಪ್ಟೆಂಬರಿನಲ್ಲಿ ಅಲ್ಲಿನ ಕೇಂದ್ರ ಸರ್ಕಾರವು ಈ ಅರ್ಜಿಯ ತೊಡಕುಗಳನ್ನು ಸಡಿಲಿಸುವ ನಿಯಮವೊಂದನ್ನು ಹೊರಡಿಸಿತು. ಆದರೆ ೨೦೨೫ರ ಜುಲೈ ತಿಂಗಳಿನ ಶಾಸನವು ಅದರ ಹಲವು ಭಾಗಗಳ ಜಾರಿಯನ್ನು ೨೦೩೪ರ ವರೆಗೆ ತಡೆಹಿಡಿಯಿತು. ಅರ್ಹತೆಯ ಮಿತಿಯಲ್ಲಿ ಒಂದು ಡಾಲರನ್ನೂ ಕಡಮೆಮಾಡದೆ, ದಾರಿಯನ್ನು ಮಾತ್ರ ದುರ್ಗಮವಾಗಿ ಉಳಿಸಿ ಹಣವನ್ನು ಉಳಿಸಬಹುದು. ಇಂಥ ಉಳಿತಾಯವು ಯಾರ ನಾಚಿಕೆಯಿಂದ, ಯಾರ ಆಯಾಸದಿಂದ ಬಂದುದೆಂಬುದನ್ನು ಧರ್ಮಜ್ಞರು ಯೋಚಿಸಬೇಕು. ಸಲ್ಲತಕ್ಕುದನ್ನು ಇಲ್ಲವೆನ್ನುವವನಿಗಾದರೂ ಉತ್ತರ ಹೇಳಬಹುದು. ಉಂಟೆಂದು ಹೇಳಿ ಕೈಗೆ ಎಟುಕದಂತೆ ಇಡುವವನಿಗೆ ಏನು ಹೇಳುವುದು?

ಆದರೆ ಕೊಡುವವನು ಉತ್ತಮನಾಗುವವರೆಗೆ ಪಡೆಯುವವನು ಔಷಧವಿಲ್ಲದೆ ಕಾಯಬೇಕಾಗಿಲ್ಲ. ಸೇವಿಂಗ್ಸ್ ಪ್ರೋಗ್ರಾಮಿಗೆ ಆಯಾ ರಾಜ್ಯದ ಮೆಡಿಕೇಯ್ಡ್ ಕಚೇರಿಯಲ್ಲಿಯೂ, ಔಷಧದ ಸಹಾಯಕ್ಕೆ ಸೋಷಿಯಲ್ ಸೆಕ್ಯೂರಿಟಿ ಕಚೇರಿಯಲ್ಲಿಯೂ ಅರ್ಜಿ ಹಾಕಬಹುದು. ಅರ್ಜಿಯನ್ನು ತಿರಸ್ಕರಿಸಿದರೆ ಮೇಲ್ಮನವಿಯ ಅವಕಾಶವುಂಟು. ಮೂರನೆಯ ಮೆಟ್ಟಿಲಿನ ಸಹಾಯಕ್ಕೆ ಪ್ರತಿವರ್ಷವೂ ಹೊಸದಾಗಿ ಕೇಳಬೇಕು. ಅದು ಮೊದಲು ಬಂದವರಿಗೆ ಮೊದಲು ಸಲ್ಲುವುದಾದುದರಿಂದ ತಡಮಾಡಬಾರದು. ಇದನ್ನೆಲ್ಲ ಹಣ ಪಡೆಯದೆ ವಿವರಿಸಿ ಹೇಳುವ ಸಲಹೆಗಾರರನ್ನು ೧೯೯೦ರ ಶಾಸನದ ಮೇರೆಗೆ ರಾಜ್ಯ ರಾಜ್ಯಗಳಲ್ಲಿಯೂ ಏರ್ಪಡಿಸಿದ್ದಾರೆ. ಮಿತಿಗಿಂತ ಕೊಂಚ ಹೆಚ್ಚು ವರಮಾನವುಳ್ಳವರೂ ಕೇಳಿನೋಡುವುದು ಲೇಸು. ಕೆಲವು ಬಗೆಯ ಹಣವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಕೆಲವು ರಾಜ್ಯಗಳ ಮಿತಿಯೇ ಹೆಚ್ಚಾಗಿದೆ.

ಹೀಗೆ ವಿಚಾರಿಸಿದಲ್ಲಿ ಸಿದ್ಧಾಂತವು ಇಷ್ಟೇ. ತನಗೆ ಸಲ್ಲದುದನ್ನು ಕೇಳುವುದು ಯಾಚನೆ. ಸಲ್ಲತಕ್ಕುದನ್ನು ಕೇಳುವುದು ವ್ಯವಹಾರ. ವ್ಯವಹಾರದಲ್ಲಿ ನಾಚಿಕೆಗೆ ಎಡೆಯಿಲ್ಲ. ಮುಪ್ಪಿನಲ್ಲಿ ನೆರವನ್ನು ಕೇಳುವವರು ತಲೆಯೆತ್ತಿ ಕೇಳಲಿ; ಮಕ್ಕಳು ಅವರ ಜೊತೆಯಲ್ಲಿ ಹೋಗಲಿ. ಕೊಡತಕ್ಕವರಾದರೋ, ಅವರು ಬಂದು ಕೇಳುವುದಕ್ಕೆ ಮುಂಚೆ ತಾವೇ ನಾಲ್ಕು ಹೆಜ್ಜೆ ಎದುರಾಗಿ ಬರಲಿ. ವೃದ್ಧರು ಹೆಚ್ಚು ದೂರ ನಡೆಯಲಾರರು.