ಏನೂ ಆಗಲಿಲ್ಲ

ಮನುಷ್ಯನು ತನ್ನ ತಪ್ಪನ್ನು ಅಳೆಯುವುದಕ್ಕೆ ಬಳಸುವ ಕೋಲುಗಳಲ್ಲಿ ಅತ್ಯಂತ ಸುಲಭವಾದುದು ಪರಿಣಾಮ. ಮಗು ಬಾವಿಕಟ್ಟೆಯ ಮೇಲೆ ಕುಳಿತಿದ್ದು ಕ್ಷೇಮವಾಗಿ ಇಳಿದು ಬಂದರೆ, 'ಸದ್ಯ, ಏನೂ ಆಗಲಿಲ್ಲ' ಎಂದು ಉಸಿರು ಬಿಡುತ್ತೇವೆ. ಬಿದ್ದರೆ, ಅದನ್ನು ಕಟ್ಟೆಯ ಬಳಿ ಬಿಟ್ಟುಹೋದವರು ಯಾರೆಂದು ವಿಚಾರಿಸುತ್ತೇವೆ. ಬಿಟ್ಟುಹೋದವರು ಮಾಡಿದ ಕೆಲಸ ಎರಡು ಸಲವೂ ಒಂದೇ. ಆದರೂ ಒಂದು ಸಲ ಅದು ಮರೆತುಹೋಗುವ ಸಂಗತಿ, ಇನ್ನೊಂದು ಸಲ ಜನ್ಮವಿಡೀ ಕಾಡುವ ಅಪರಾಧ. ಕಾನೂನು ಹೀಗೆ ಅಳೆಯುವುದಕ್ಕೆ ಕಾರಣಗಳಿರಬಹುದು. ಮನಸ್ಸೂ ಹೀಗೆಯೇ ಅಳೆದರೆ ಸಾಕೇ? ಈ ಪ್ರಶ್ನೆ ನಮಗೆ ಯಾವುದೇ ಗ್ರಂಥದಿಂದ ಹೊಳೆದುದಲ್ಲ. ಕುಂಬ್ಡಾಜೆಯ ಒಂದು ಅಡಿಕೆ ತೋಟದ ಅಂಚಿನಲ್ಲಿ, ಮದ್ದಿನ ಪೈಪನ್ನು ಕೈಯಲ್ಲಿ ಹಿಡಿದು ಮೇಲಕ್ಕೆ ನೋಡುತ್ತ ನಿಂತಿದ್ದಾಗ ಹೊಳೆದುದು.

ಮರಗಳಿಗೆ ಚಿಕಿತ್ಸೆ ಮಾಡುವುದನ್ನೇ ವೃತ್ತಿಯಾಗಿ ಮಾಡಿಕೊಂಡವರು ಪಶ್ಚಿಮದ ದೇಶಗಳಲ್ಲಿದ್ದಾರೆ. ಹಗ್ಗ, ಗರಗಸ, ಶಿರಸ್ತ್ರಾಣಗಳೊಡನೆ ಏರಿ, ಕೊಂಬೆ ಸವರಿ, ಗಾಯ ನೋಡಿ ಇಳಿಯುವ ಅವರನ್ನು ಮರದ ಶಸ್ತ್ರವೈದ್ಯರೆಂದೇ ಕರೆಯುತ್ತಾರಂತೆ. ನಮ್ಮಲ್ಲಿ ಅಂತಹ ಬಿರುದಿಲ್ಲ. 'ಮರಕ್ಕೆ ಏರುವವ' ಎಂದರೆ ಮುಗಿಯಿತು. ಆದರೆ ಮಾರ್ಪನಡ್ಕದಿಂದ ಅಗಲ್ಪಾಡಿಯವರೆಗೆ ಕಣಿವೆಗಳ ತುಂಬ ಹಬ್ಬಿರುವ ತೋಟಗಳಿಗೆ ವೈದ್ಯನೆಂಬವನಿದ್ದರೆ ಅವನೇ. ಅಡಿಕೆ ಮರಕ್ಕೆ ಸವರಲು ಕೊಂಬೆಯಿಲ್ಲ, ಏರುವವನಿಗೆ ಹಿಡಿಯಲು ಆಧಾರವಿಲ್ಲ. ಅದರ ಮುಖ್ಯ ವ್ಯಾಧಿ ತಲೆಯ ಕೆಳಗಿನ ಗೊನೆಗಳಲ್ಲಿ, ನೆಲದಿಂದ ನಲವತ್ತು ಐವತ್ತು ಅಡಿ ಎತ್ತರದಲ್ಲಿ; ಅದೂ ಮರವು ಪಾಚಿಗಟ್ಟಿ ಜಾರುವ ಮಳೆಗಾಲದಲ್ಲಿ. ಮದ್ದು ಬೇಕಾಗುವ ಸಮಯ ಮತ್ತು ಏರಬಾರದ ಸಮಯ ಎರಡೂ ಒಂದೇ ಆಗಿರುವುದು ಈ ಬೆಳೆಯ ವಿಚಿತ್ರ ವಿಧಿ.

ವ್ಯಾಧಿಯ ಹೆಸರು ಕೊಳೆರೋಗ. ಮಹಾಳಿ ಎಂದೂ ಹೇಳುವುದುಂಟು. ಎಡೆಬಿಡದ ಮಳೆಯಲ್ಲಿ ಎಳೆಯ ಕಾಯಿಗಳ ಮೇಲೆ ನೀರು ಹನಿದ ಕಲೆಗಳಂತೆ ಆರಂಭವಾಗಿ, ವಾರಗಳಲ್ಲಿ ಗೊನೆಯನ್ನೇ ಬರಿದಾಗಿಸುತ್ತದೆ. ಕೆನಡಾ ದೇಶದ ಲೆಸ್ಲಿ ಕೋಲ್ಮನ್ ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದಾಗ ಈ ರೋಗದ ಮೂಲವನ್ನು ಅಭ್ಯಾಸ ಮಾಡಿ 1910ರಲ್ಲಿ ಪ್ರಕಟಿಸಿದರು. ಬೋರ್ಡೋ ದ್ರಾವಣವನ್ನು ಸಿಂಪಡಿಸುವ ಕ್ರಮವನ್ನು ಬಳಕೆಗೆ ತಂದವರೂ ಅವರೇ. ಅದಕ್ಕೆ ಮೊದಲು ಮಲೆನಾಡಿನ ಕಡೆ ಗೊನೆಗೊಂದರಂತೆ ಕೊಟ್ಟೆ ಕಟ್ಟಿ ಮಳೆಯಿಂದ ಮರೆಮಾಡುತ್ತಿದ್ದರು, ಆಗಲೂ ಏರಬೇಕಾಗುತ್ತಿತ್ತು. ಈ ದ್ರಾವಣದ ಹುಟ್ಟು ಮೋಜಿನದು. ಫ್ರಾನ್ಸಿನ ದ್ರಾಕ್ಷಿತೋಟಗಳಲ್ಲಿ ದಾರಿಹೋಕರು ಹಣ್ಣು ಕದಿಯದಿರಲೆಂದು ಅಂಚಿನ ಬಳ್ಳಿಗಳಿಗೆ ಬಳಿದಿದ್ದ ನೀಲಿ ಬಣ್ಣವು ರೋಗವನ್ನೂ ತಡೆಯುವುದನ್ನು ಕಂಡು, ಮಿಲ್ಲಾರ್ಡೆ ಎಂಬ ವಿಜ್ಞಾನಿ 1885ರಲ್ಲಿ ಅದನ್ನು ಮದ್ದೆಂದು ಸಾರಿದನು. ಕಳ್ಳರಿಗೆಂದು ಮಾಡಿದ್ದು ಹೀಗೆ ಔಷಧವಾಯಿತು!

ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರು ನೀರು, ಲೆಕ್ಕ ಇಷ್ಟೇ. ಬೇರೆ ಬೇರೆ ಪಾತ್ರೆಗಳಲ್ಲಿ ಕರಗಿಸಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ಸುರಿದು ಕಲಕಬೇಕು. ಉಜ್ಜಿ ಬೆಳಗಿದ ಕತ್ತಿಯ ಅಲಗನ್ನು ಅದರಲ್ಲಿ ಅದ್ದಿ ತೆಗೆದಾಗ ಅಲಗು ಕೆಂಪಡರಿದರೆ ಸುಣ್ಣ ಸಾಲದೆಂದು ಅರ್ಥ, ಇನ್ನಷ್ಟು ಸೇರಿಸಬೇಕು. ಮಳೆಗಾಲದ ಬಾಗಿಲಲ್ಲಿ ಒಂದು ಸಲ, ಅಲ್ಲಿಂದ ನಲವತ್ತು ನಲವತ್ತೈದು ದಿನಗಳಿಗೆ ಇನ್ನೊಂದು ಸಲ, ಮಳೆ ನಿಲ್ಲದಿದ್ದರೆ ಮತ್ತೊಂದು ಸಲ. ಏರುವವನ ಆಯುಧಗಳು ಇನ್ನೂ ಸರಳ: ಪಾದಗಳೆರಡನ್ನು ಜೋಡಿಸಿ ಮರಕ್ಕೆ ಒತ್ತಿ ಹಿಡಿಯುವ ತಳೆ, ಸೊಂಟದಲ್ಲಿ ಕತ್ತಿ, ತಲೆಗೆ ಹಾಳೆಯ ಮುಟ್ಟಾಳೆ. ಒಂದು ಮರದ ತಲೆಯಲ್ಲಿ ನಿಂತು ಸುತ್ತಲಿನ ಮರಗಳ ಗೊನೆಗಳಿಗೆಲ್ಲ ಮದ್ದು ಬಿಟ್ಟು, ಮರವನ್ನು ಮೈಭಾರದಿಂದ ಬಾಗಿಸಿ, ಕೈಗೆ ಸಿಕ್ಕಿದ ಮುಂದಿನ ಮರಕ್ಕೆ ದಾಟುತ್ತಾನೆ. ಆ ದಾಟುವ ಕ್ಷಣದಲ್ಲಿ ಅವನ ಒಂದು ಕಾಲು ಒಂದು ಮರದಲ್ಲೂ ಪ್ರಾಣ ಎರಡು ಮರಗಳ ನಡುವೆಯೂ ಇರುತ್ತದೆ. ಕೆಳಗಿರುವವರು ಆಗ ಮಾತಾಡುವುದಿಲ್ಲ.

ಇನ್ನು ನಮ್ಮ ಸಂಗತಿ. ತೋಟದ ಪಡುವಣ ಅಂಚಿನಲ್ಲಿ ಒಂದು ಹಳೆಯ ಮರವಿತ್ತು. ಮಗ್ಗುಲಿನ ಹಲಸನ್ನು ಕಡಿಸಿದ ಮೇಲೆ ಇಳಿಹೊತ್ತಿನ ಬಿಸಿಲು ನೇರ ಅದರ ಮೈಗೆ ಬಡಿಯಿತು. ಎಳೆಯ ಮರಗಳಿಗೆ ಹಿಂದಿನವರು ಸೋಗೆ ಕಟ್ಟುತ್ತಿದ್ದುದು ಇದಕ್ಕಾಗಿಯೇ; ನಾವು ಕಟ್ಟಲಿಲ್ಲ. ಎರಡಾಳು ಎತ್ತರದಲ್ಲಿ ಮರದ ಮೈ ಹಳದಿಯಾಗಿ, ಕಂದಾಗಿ, ಸೀಳಿತು. ಆದರೂ ವರ್ಷಕ್ಕೆ ಮೂರು ಗೊನೆ ತಪ್ಪುತ್ತಿರಲಿಲ್ಲ. ಒಂದು ಕೊಯ್ಲಿನ ಕಾಲದಲ್ಲಿ, ಬಹುಕಾಲದಿಂದ ನಮ್ಮ ತೋಟಕ್ಕೆ ಬರುತ್ತಿದ್ದ ಹಿರಿಯ ಕೆಲಸಗಾರ ಕತ್ತಿಯ ಹಿಡಿಯಿಂದ ಅದನ್ನು ಕುಟ್ಟಿ, ಕಿವಿಗೊಟ್ಟು ಕೇಳಿ, "ಅಣ್ಣೇರೇ, ಇದು ಏರುವ ಮರ ಅಲ್ಲ" ಎಂದು ಮುಂದಕ್ಕೆ ನಡೆದ. ಆ ಮರದ ಅಡಿಕೆ ಹಣ್ಣಾಗಿ ಉದುರಿದ ಹಾಗೆ ಹೆಕ್ಕಿದೆವು. ಮರವನ್ನು ಕಡಿಸಲಿಲ್ಲ, ಮುಂದೆ ನೋಡೋಣವೆಂದುಕೊಂಡೆವು.

ಬಂದ ಮಳೆಗಾಲದಲ್ಲಿ ಹಿರಿಯನಿಗೆ ಜ್ವರ. ಮೋಡ ಹರಿದು ಎರಡು ದಿನ ಬಿಸಿಲು ಸಿಕ್ಕಿತ್ತು. ಮದ್ದು ಬಿಡದಿದ್ದರೆ ಫಸಲು ಹೋದಂತೆ. ಬೇರೊಬ್ಬ ತರುಣ ಬಂದ. ಚುರುಕಾದ ಕೆಲಸ, ಹಸನ್ಮುಖಿ. ಸಂಜೆಯ ಹೊತ್ತಿಗೆ ಅಂಚಿನ ಸಾಲಿಗೆ ತಲುಪಿ ಆ ಮರದ ಬುಡದಲ್ಲಿ ತಳೆಗೆ ಕಾಲು ಸೇರಿಸಿದ. ಸೀಳು ಮರದ ಆಚೆಯ ಬದಿಯಲ್ಲಿತ್ತು, ಆತನಿಗೆ ಕಾಣಲಿಲ್ಲ. ನಾವು ಹೇಳಲಿಲ್ಲ. ಯಾಕೆ ಹೇಳಲಿಲ್ಲವೆಂದು ಹಲವು ಬಾರಿ ನಮ್ಮನ್ನೇ ಕೇಳಿಕೊಂಡಿದ್ದೇವೆ. ಮೂರು ಗೊನೆಯ ಆಸೆಯೆನ್ನಲು ನಾಚಿಕೆಯಾಗುತ್ತದೆ, ಮರೆವೆನ್ನಲು ಧೈರ್ಯವಿಲ್ಲ. ಹೇಳಬೇಕೆಂಬ ಮಾತು ಬಾಯಿಯವರೆಗೆ ಬಂದು, ಆತ ಏರುವ ವೇಗಕ್ಕೆ ಹಿಂದೆ ಬಿದ್ದಿತು ಎಂಬುದು ಸತ್ಯಕ್ಕೆ ಹತ್ತಿರ. ಕೆಲವು ನಿಮಿಷಗಳ ಕೆಲಸ. ಮರ ತೂಗಿತು, ಆತ ಮದ್ದು ಬಿಟ್ಟು ಪಕ್ಕದ ಮರಕ್ಕೆ ದಾಟಿ ಇಳಿದು ಬಂದ. ಕೈಕಾಲು ತೊಳೆದು ಚಹಾ ಕುಡಿದ. ಕೂಲಿ ಎಣಿಸುವಾಗ ನಮ್ಮ ಕೈ ತಾನಾಗಿಯೇ ನೂರು ರೂಪಾಯಿ ಹೆಚ್ಚು ಇಟ್ಟಿತು. "ಇದು ಹೆಚ್ಚು ಬಂತಲ್ಲ ಅಣ್ಣೇರೇ?" ಎಂದು ಆತ ಕೇಳಿದ. "ಇರಲಿ" ಎಂದೆವು.

ಏನೂ ಆಗಲಿಲ್ಲ. ಆದುದರಿಂದಲೇ ಇದು ಚಿಂತನೆಗೆ ಯೋಗ್ಯವಾದ ವಿಷಯ. ಆತ ಬಿದ್ದಿದ್ದರೆ ತಪ್ಪು ಯಾರದೆಂಬಲ್ಲಿ ವಿಚಾರವೇ ಬೇಕಿರಲಿಲ್ಲ.

ನಮ್ಮ ಪರವಾಗಿ ವಾದಿಸುವವರು ಮೊದಲು ಕೂಲಿಯ ಮಾತೆತ್ತುತ್ತಾರೆ. ಏರುವವನಿಗೆ ಇಂದು ಇತರರಿಗಿಂತ ಬಹಳ ಹೆಚ್ಚು ಕೂಲಿಯಿದೆ, ಅಪಾಯದ ಬೆಲೆ ಅದರಲ್ಲಿ ಸೇರಿದೆ ಎಂದು. ಶ್ರಮವನ್ನು ಕೊಳ್ಳಬಹುದು, ಬೆನ್ನುಮೂಳೆಗೆ ದರ ನಿಗದಿಮಾಡಿದ ಸಂತೆಯನ್ನು ನಾವು ಬದಿಯಡ್ಕದಲ್ಲಾಗಲಿ ಮಂಗಳೂರಿನಲ್ಲಾಗಲಿ ಕಂಡಿಲ್ಲ. ಎರಡನೆಯ ವಾದ ಇದಕ್ಕಿಂತ ಗಟ್ಟಿ: ಆತ ಒಪ್ಪಿ ಬಂದವನು, ಯಾರೂ ಬಲಾತ್ಕರಿಸಲಿಲ್ಲ. ಹಿಂದೆ ಈ ಮಾತಿಗೆ ಉತ್ತರ ಸುಲಭವಿತ್ತು. ಮನೆಯಲ್ಲಿ ಗಂಜಿಗೆ ಅಕ್ಕಿಯಿಲ್ಲದವನ ಒಪ್ಪಿಗೆ ಒಪ್ಪಿಗೆಯಲ್ಲವೆಂದು ಹೇಳಬಹುದಿತ್ತು. ಈಗ ಕಾಲ ತಿರುಗಿದೆ. ಏರುವವರು ವಿರಳ, ಅವರನ್ನು ಹುಡುಕಿಕೊಂಡು ನಾವು ಅಲೆಯುತ್ತೇವೆ, ಅವರು ಬೇಡವೆಂದರೆ ಬೇಡವೇ. ಹಾಗಾದರೆ ಪ್ರಶ್ನೆ ಕರಗಿತೇ? ಇಲ್ಲವೆಂದೇ ನಮ್ಮ ಅಭಿಪ್ರಾಯ. ಆ ತರುಣ ಒಪ್ಪಿದ್ದು ಅಡಿಕೆ ಮರಕ್ಕೆ ಏರಲು. ಸೀಳಿದ ಮರಕ್ಕೆ ಏರಲು ಆತ ಒಪ್ಪಿರಲಿಲ್ಲ, ಏಕೆಂದರೆ ಅಂತಹದೊಂದು ಮರ ಅಲ್ಲಿದೆಯೆಂದು ಆತನಿಗೆ ಗೊತ್ತಿರಲಿಲ್ಲ. ಗೊತ್ತಿದ್ದವರು ನಾವು. ಒಪ್ಪಿಗೆಯೆಂಬುದು ತಿಳಿವಳಿಕೆಯ ಅಂಚಿನವರೆಗೆ ಮಾತ್ರ ಸಲ್ಲುತ್ತದೆ. ಅದರಾಚೆ ನಾವು ಮೌನದಿಂದ ಆತನ ಜೀವವನ್ನು ಆತನಿಗೆ ಹೇಳದೆಯೇ ಬಳಸಿಕೊಂಡೆವು. ನೂರು ರೂಪಾಯಿ ಅದರ ಬೆಲೆಯಲ್ಲ, ಅದರ ಸಾಕ್ಷಿ.

ಈ ಊರಿನಲ್ಲಿ 'ಏನೂ ಆಗಲಿಲ್ಲ' ಎಂಬ ಮಾತಿಗೆ ಇನ್ನೊಂದು ಚರಿತ್ರೆಯಿದೆ. ತೋಟಗಳು ಕಣಿವೆಯಲ್ಲಿ, ಮೇಲಿನ ಮುರಕಲ್ಲಿನ ಗುಡ್ಡಗಳಲ್ಲಿ ಗೇರು. ಕಾಸರಗೋಡಿನ ಗುಡ್ಡಗಳ ಸರಕಾರಿ ಗೇರುತೋಟಗಳಿಗೆ, ಚಹಾ ಸೊಳ್ಳೆಯೆಂಬ ಕೀಟವನ್ನು ಕೊಲ್ಲಲು, 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು. ಮರದ ಚಿಕಿತ್ಸೆಯೆಂಬ ದೃಷ್ಟಿಯಿಂದ ನೋಡಿದರೆ ಅದು ದೊಡ್ಡ ಅನುಕೂಲವೇ: ಯಾರೂ ಏರಬೇಕಾಗಿಲ್ಲ, ಯಾರೂ ಬೀಳುವುದಿಲ್ಲ. ಆದರೆ ಅಪಾಯ ಇಲ್ಲವಾಗಲಿಲ್ಲ, ಸ್ಥಳ ಬದಲಾಯಿಸಿತು. ಹೆಚ್ಚು ಕೂಲಿ ಕೇಳಬಲ್ಲ, ಕುಟ್ಟಿ ನೋಡಿ 'ಏರೆ' ಎನ್ನಬಲ್ಲ ಒಬ್ಬನ ಮೈಯಿಂದ ಇಳಿದು, ತೆರೆದ ಬಾವಿ ಸುರಂಗಗಳ ನೀರು ಕುಡಿಯುವ, ಯಾರೂ ಒಪ್ಪಿಗೆ ಕೇಳದ ಮನೆಗಳ ಮೇಲೆ ಬಿದ್ದಿತು. ಇನ್ನೂ ಹುಟ್ಟದವರ ಮೇಲೂ ಬಿದ್ದಿತು. ಬಾಧಿತವೆಂದು ಗುರುತಿಸಲಾದ 11 ಪಂಚಾಯತುಗಳಲ್ಲಿ ಕುಂಬ್ಡಾಜೆಯೂ ಒಂದು. ವರ್ಷಗಟ್ಟಲೆ ಜನರಿಗೆ ಸಿಕ್ಕಿದ ಉತ್ತರ, ಮದ್ದಿನಿಂದ ಏನೂ ಆಗಿಲ್ಲವೆಂಬುದು. ಸರ್ವೋಚ್ಚ ನ್ಯಾಯಾಲಯ ದೇಶದಲ್ಲೆಲ್ಲ ಅದನ್ನು ತಡೆದದ್ದು 2011ರಲ್ಲಿ. ಬಾಧಿತರಿಗೆ ತಲಾ ಐದು ಲಕ್ಷ ರೂಪಾಯಿ ಕೊಡಬೇಕೆಂದು ರಾಜ್ಯಕ್ಕೆ ಆಜ್ಞಾಪಿಸಿದ್ದು 2017ರಲ್ಲಿ. ಕೊಡಲು ತಡವಾಯಿತೆಂದು ಮತ್ತೆ ಗದರಿಸಿದ್ದು 2022ರಲ್ಲಿ.

ನಮ್ಮ ಮೌನವನ್ನು ಆ ಮಹಾವಿಪತ್ತಿನ ಪಕ್ಕದಲ್ಲಿಡುವುದು ಅತಿಶಯವೆಂದು ವಾಚಕರು ಆಕ್ಷೇಪಿಸಬಹುದು. ಗಾತ್ರದಲ್ಲಿ ಹೋಲಿಕೆಯಿಲ್ಲ, ಒಪ್ಪಿದೆವು. ಆದರೆ ಆ ಸಂಜೆ ಪೈಪು ಹಿಡಿದು ನಿಂತ ನಮಗೂ, ಮೋಡದ ಕೆಳಗೆ ಹಾರಿದ ಯಂತ್ರಕ್ಕೆ ಅಪ್ಪಣೆಯಿತ್ತವರಿಗೂ ಮನಸ್ಸಿನ ಲೆಕ್ಕ ಒಂದೇ ಆಗಿತ್ತು: ಬಿದ್ದಾಗ ನೋಡೋಣ. ನಮಗೆ ಅದೃಷ್ಟ ಒದಗಿತು. ಅದು ನಮ್ಮ ಗುಣವಲ್ಲ.

ಯಂತ್ರ ಬಂದರೆ ಎಲ್ಲ ಸರಿಹೋಗುವುದೆಂಬವರಿದ್ದಾರೆ. ಯಂತ್ರವನ್ನು ನಾವು ಹಳಿಯುವುದಿಲ್ಲ. ಬಂಟ್ವಾಳ ತಾಲೂಕಿನ ಕೃಷಿಕರೊಬ್ಬರು ಕುಳಿತುಕೊಂಡು ಮರ ಏರುವ ಬೈಕನ್ನೇ ನಿರ್ಮಿಸಿ 2019ರಲ್ಲಿ ಮನೆಮಾತಾದರು. ನೆಲದ ಮೇಲೆ ನಿಂತು ಗೊನೆ ಕೊಯ್ಯುವ, ಮದ್ದು ಬಿಡುವ ಕಾರ್ಬನ್ ಫೈಬರ್ ದೋಟಿ ಈಗ ಅನೇಕ ಮನೆಗಳಲ್ಲಿದೆ. ಬೀಳುವ ಭಯ ಹೋಯಿತು, ಸಂತೋಷ. ಆದರೆ ದೋಟಿ ಹಿಡಿದವನು ದಿನವಿಡೀ ಮುಖ ಮೇಲೆತ್ತಿ ನಿಲ್ಲಬೇಕು. ತುತ್ತುಸುಣ್ಣದ ನೀರು ಹನಿಯುವುದು ಅವನ ಕಣ್ಣಿಗೆ, ನೋಯುವುದು ಅವನ ಕತ್ತು. ಕನ್ನಡಕ ಕೊಟ್ಟಿದ್ದೇವೆಯೇ? ತೆಂಗಿನ ಮರ ಏರುವವರಿಗಾಗಿ ತೆಂಗು ಅಭಿವೃದ್ಧಿ ಮಂಡಳಿಯು 2011ರಿಂದ ತರಬೇತಿಯನ್ನೂ ಏರುವ ಯಂತ್ರವನ್ನೂ ಕೊಡುತ್ತ ಬಂದಿತು, ಅಪಘಾತ ವಿಮೆಯ ಯೋಜನೆಯೂ ಅದರದ್ದಿದೆ. ನಮ್ಮ ತೋಟಕ್ಕೆ ಏರುವವನಿಗೆ ವಿಮೆ ಉಂಟೋ ಇಲ್ಲವೋ ಎಂದು ನಾವು ಆ ವರ್ಷದವರೆಗೆ ಕೇಳಿದವರೇ ಅಲ್ಲ. ಅಡಿಕೆಯ ಧಾರಣೆಯನ್ನಾದರೋ ದಿನಕ್ಕೆರಡು ಸಲ ಕೇಳುತ್ತಿದ್ದೆವು.

ಮಕರ ಮಾಸದಲ್ಲಿ ಆ ಮರವನ್ನು ಕಡಿಸಿದೆವು. ಹಿರಿಯ ಕೊಡಲಿ ಹಿಡಿದಿದ್ದ. ಮರ ಬೀಳುವ ದಿಕ್ಕಿಗೆ ಹಗ್ಗ ಎಳೆಯಲು ಆ ತರುಣನೂ ಬಂದಿದ್ದ. ಬಿದ್ದೊಡನೆ ಮರ ಸೀಳಿನ ಜಾಗದಲ್ಲಿ ಎರಡಾಯಿತು. ಬಿಸಿಲು ಬಡಿದ ಬದಿಯಲ್ಲಿ ಹೊರಗಿನ ಗಟ್ಟಿ ಪದರವೇ ಉಳಿದಿರಲಿಲ್ಲ. ಹಿರಿಯ ಉಗುರಿನಿಂದ ಕೆರೆದಾಗ ಪುಡಿಯಾಗಿ ಉದುರಿತು. "ಮಳೆಗಾಲದಲ್ಲಿ ಇದಕ್ಕೆ ಮದ್ದು ಬಿಟ್ಟದ್ದುಂಟೋ?" ಎಂದು ಆತ ಕೇಳಿದ. ಬಿಟ್ಟದ್ದುಂಟು, ನಮಗೆ ಗೊತ್ತಿದ್ದೂ ಹೇಳಲಿಲ್ಲ ಎಂದೆವು, ತರುಣನ ಕಡೆ ತಿರುಗಿ. ಆತ ಹಗ್ಗ ಸುತ್ತುತ್ತಿದ್ದವನು ನಿಲ್ಲಿಸಿ ಪಕ್ಕದ ಮರವನ್ನೊಮ್ಮೆ, ಬಿದ್ದ ಮರವನ್ನೊಮ್ಮೆ ನೋಡಿದ.

"ಹೇಳಿದ್ದರೆ ಆ ಮರದಿಂದಲೇ ಇದಕ್ಕೂ ಬಿಡುತ್ತಿದ್ದೆ ಅಣ್ಣೇರೇ. ಅಲ್ಲಿಂದ ಮುಟ್ಟುತ್ತಿತ್ತು."

ಗಟ್ಟಿಯಿದ್ದ ಬದಿಯನ್ನು ಸಲಕೆಗೆಂದು ಸೀಳಿ ಕೊಟ್ಟಿಗೆಯ ಮಾಡಿಗೆ ಹೊತ್ತೆವು. ಉಳಿದುದು ಒಲೆಗೂ ಆಗುವಂತಿರಲಿಲ್ಲ.